ಆರು ವಾರದ ಮಾತು

2023ರಲ್ಲಿ ನಾನು ಗಡಿಯಾಚೆ ಮೀನಂಗಡಿ ಕಡೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದೆ. ನನ್ನ ಊರು ಗುಂಡ್ಲುಪೇಟೆ. ಕನ್ನಡ ಬಲ್ಲ ಡಾಕ್ಟರ್ ಎಂಬ ಒಂದೇ ಕಾರಣಕ್ಕೆ ಸುತ್ತಲಿನ ಜೈನ ಮನೆಗಳ ಹೆಂಗಸರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಲಯಾಳದಲ್ಲಿ ಹೇಳಲಾಗದ್ದನ್ನು ಕನ್ನಡದಲ್ಲಿ ಹೇಳಿಬಿಡಬಹುದು ಎಂಬ ನಂಬಿಕೆ ಅವರದು.

ಪದ್ಮಾವತಿ ಬಂದದ್ದು ಸೊಂಟನೋವು ಎಂದು. ವಯಸ್ಸು ನಲವತ್ತೆಂಟು, ಕಾಫಿ, ಮೆಣಸು ಬೆಳೆಯುವ ಮನೆತನ. ನಾಲ್ಕು ವರ್ಷದ ಹಿಂದೆ ಆಕೆಯ ಗರ್ಭಕೋಶ ತೆಗೆಯುವ ಆಪರೇಷನ್ ಮಾಡಿದವಳು ನಾನೇ. ಪರೀಕ್ಷಿಸಿದೆ, ಸೊಂಟದಲ್ಲಿ ಏನೂ ದೋಷ ಕಾಣಲಿಲ್ಲ. ಹಾಗೆಂದರೂ ಆಕೆ ಕುರ್ಚಿ ಬಿಟ್ಟು ಏಳಲಿಲ್ಲ.

“ಮುಂದಿನ ತಿಂಗಳು ಬಸದಿಗೆ ಸ್ವಾಮಿಗಳು ಬರ್ತಾರೆ ಡಾಕ್ಟರಮ್ಮ. ಅವರ ಮುಂದೆ ಬ್ರಹ್ಮಚರ್ಯ ವ್ರತ ತಗೊಳ್ಳುವ ಅಂತಾರೆ ಇವರು. ನನಗೆ ಮನಸ್ಸಿಲ್ಲ.”

ಮಕ್ಕಳು ದೊಡ್ಡವರಾದ ಮೇಲೆ ಕೆಲವು ಜೈನ ದಂಪತಿಗಳು ಈ ವ್ರತ ತೆಗೆದುಕೊಳ್ಳುತ್ತಾರೆ. ಒಂದೇ ಮನೆಯಲ್ಲಿದ್ದುಕೊಂಡೇ ದಾಂಪತ್ಯದ ಸಂಬಂಧ ಬಿಡುವುದು. ಒಮ್ಮೆ ತೆಗೆದುಕೊಂಡರೆ ಜೀವನಪೂರ್ತಿ.

ಮನಸ್ಸಿಲ್ಲವೆಂದು ಗಂಡನಿಗೇ ಹೇಳಬಹುದಲ್ಲ ಎಂದೆ.

“ಎಂತ ಹೇಳುವುದು? ಆಪರೇಷನ್ ಆದಾಗಿಂದ ಪಕ್ಕಕ್ಕೇ ಬಂದವರಲ್ಲ. ಗರ್ಭಕೋಶ ಇಲ್ಲದವಳು ಬೇಡವಾದಳು ಅಂತ ನಾನೂ ಸುಮ್ಮನಾದೆ.”

ಗಂಡ ಧರಣಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಆಕೆಯ ಒಪ್ಪಿಗೆ ಪಡೆದು ಒಳಗೆ ಕರೆಸಿದೆ. ಐವತ್ತನಾಲ್ಕರ ಗಟ್ಟಿ ಆಳು, ಮಾತು ಕಡಿಮೆ. ಸೂರ್ಯ ಮುಳುಗಿದ ಮೇಲೆ ಊಟ ಮಾಡದ, ಹಿಡಿದ ನಿಯಮ ಬಿಡದ ಮನುಷ್ಯ. ಹೆಂಡತಿಯಿಂದ ದೂರವಿರುವ ಕಾರಣ ಕೇಳಿದಾಗ ಅವರು ನನ್ನನ್ನೇ ಆಶ್ಚರ್ಯದಿಂದ ನೋಡಿದರು.

“ನೀವೇ ಹೇಳಿದ್ದಲ್ವಾ ಡಾಕ್ಟ್ರೇ, ನಾನು ಹೇಳುವ ತನಕ ಒಟ್ಟಿಗೆ ಮಲಗೋದು ಬೇಡ ಅಂತ? ನೀವು ಮತ್ತೆ ಹೇಳಲೇ ಇಲ್ಲ.”

ಹಳೆಯ ಫೈಲ್ ತರಿಸಿದೆ. ಈ ಆಪರೇಷನ್ ಆದ ಮೇಲೆ ಒಳಗಿನ ಹೊಲಿಗೆ ಮಾಯಲು ಆರರಿಂದ ಎಂಟು ವಾರ ಬೇಕು. ಅಷ್ಟು ದಿನ ಮಾತ್ರ ದೂರವಿರಬೇಕು. ಆರು ವಾರಕ್ಕೆ ಅವರು ತಪ್ಪದೆ ರಿವ್ಯೂಗೆ ಬಂದಿದ್ದರು. ಅಂದು ನಾನು ರಜೆಯಲ್ಲಿದ್ದೆ. ಡ್ಯೂಟಿ ಡಾಕ್ಟರ್ ಗಾಯ ನೋಡಿ, ಚೆನ್ನಾಗಿದೆ ಎಂದು ಬರೆದು ಕಳಿಸಿದ್ದರು. ತಪ್ಪನ್ನು ಅವರ ತಲೆಗೆ ಕಟ್ಟಬಹುದೇ ಎಂದು ನಾನು ಒಂದು ಕ್ಷಣ ಯೋಚಿಸಿದ್ದುಂಟು. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿದ್ದದ್ದು ನನ್ನ ಅಕ್ಷರ. ಭಾರ ಎತ್ತುವುದಕ್ಕೆ ಮೂರು ತಿಂಗಳು, ಸ್ಕೂಟರಿಗೆ ಒಂದು ತಿಂಗಳು ಎಂದೆಲ್ಲ ಅವಧಿ ಬರೆದವಳು ಇದೊಂದಕ್ಕೆ ಮಾತ್ರ ಬರೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಬಂದು ಕೇಳಬಾರದಿತ್ತೇ ಎಂದೆ.

“ಇದನ್ನು ಯಾರ ಹತ್ರ ಕೇಳುವುದು? ನನ್ನಿಂದ ಇವಳಿಗೆ ಏನಾದರೂ ಆದರೆ ಅಂತ ಪೇಡಿ,” ಎಂದರು. ಹೆದರಿಕೆಗೆ ಅಲ್ಲಿಯವರು ಹೇಳುವ ಮಾತು ಅದು. “ಹೇಗೂ ಇಲ್ಲದ್ದು. ವ್ರತ ಅಂತ ಮಾಡಿದರೆ ಪುಣ್ಯವಾದರೂ ಬರಲಿ ಅಂತ.”

ಪದ್ಮಾವತಿ ಗಂಡನ ಮುಖ ನೋಡುತ್ತಲೇ ಇದ್ದರು. ಏನೂ ಅಡ್ಡಿಯಿಲ್ಲ ಎಂದು ಇಬ್ಬರಿಗೂ ಬಿಡಿಸಿ ಹೇಳಿ, ಕೇಸು ಮುಗಿಯಿತೆಂದು ಕೈ ತೊಳೆದುಕೊಂಡೆ.

ಮುಗಿದಿರಲಿಲ್ಲ. ಎರಡು ವಾರ ಬಿಟ್ಟು ಇಬ್ಬರೂ ಮತ್ತೆ ಬಂದರು. ಒಂದೇ ಕೋಣೆಗೆ ಹಾಸಿಗೆ ಬಂದಿತ್ತು, ಅಷ್ಟೇ. ಬಸ್ಸಿನ ಸೀಟಿನಲ್ಲಿ ಗುರುತಿಲ್ಲದವರು ಕೂತಂತೆ ಇಬ್ಬರೂ ಮೈ ಬಿಗಿಹಿಡಿದು ಮಲಗುತ್ತಿದ್ದರು. ನೋವಾದೀತೆಂದು ಆಕೆಗೆ ಭಯ, ಆಕೆಗೆ ನೋವಾದೀತೆಂದು ಅವರಿಗೆ ಭಯ. “ನಮ್ಮ ಕಾಲ ಆಯಿತು ಅಂತ ಕಾಣುತ್ತೆ. ವ್ರತವೇ ಆಗಲಿ,” ಎಂದರು ಪದ್ಮಾವತಿ. ಸ್ವಾಮಿಗಳು ಬರಲು ಹನ್ನೆರಡು ದಿನ ಉಳಿದಿತ್ತು.

ಅನುಮತಿ ಕೊಟ್ಟರೆ ಆಸೆ ತಾನಾಗಿ ಬರುತ್ತದೆ ಎಂದುಕೊಂಡದ್ದು ನನ್ನ ಎರಡನೆಯ ತಪ್ಪು. ನೋವಾಗದಿರಲೆಂದು ಒಣಗಿದ ಒಳಚರ್ಮಕ್ಕೆ ಒಂದು ಕ್ರೀಮ್ ಬರೆದೆ. ಜೊತೆಗೆ, ಪುಸ್ತಕದಲ್ಲಿ ಓದಿದ್ದರೂ ಯಾರಿಗೂ ಹೇಳಿರದ ಒಂದು ಕ್ರಮವನ್ನು, ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದೆ. ದಿನಕ್ಕೆ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಒಟ್ಟಿಗಿರಬೇಕು. ಕೈ ಹಿಡಿಯಬಹುದು, ತಲೆಗೆ ಎಣ್ಣೆ ಹಚ್ಚಬಹುದು, ಬೆನ್ನು ನೀವಬಹುದು. ಯಾವುದು ಹಿತ, ಯಾವುದು ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಅದರಿಂದ ಮುಂದಕ್ಕೆ ಹೋಗಕೂಡದು. ಹತ್ತು ದಿನ ಕಟ್ಟುನಿಟ್ಟು. ಈ ಸಲ ಕೊನೆಯ ದಿನದ ತಾರೀಖನ್ನು ಚೀಟಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದೆ. ಮುಂದಕ್ಕೆ ಹೋಗುವ ಒತ್ತಾಯವೇ ಇಲ್ಲದಿದ್ದರೆ ಹೆದರಿಕೆ ಸಡಿಲವಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಹನ್ನೊಂದನೆಯ ದಿನ ಬಂದರು. ಧರಣಪ್ಪನವರು ಗೋಡೆಯ ಲಸಿಕೆ ಚಾರ್ಟನ್ನು ಪರೀಕ್ಷೆಗೆ ಓದುವವರಂತೆ ಓದತೊಡಗಿದರು.

“ಏಳನೇ ದಿನವೇ ಇವರು ನಿಯಮ ಮುರಿದರು,” ಎಂದರು ಪದ್ಮಾವತಿ.

“ನಾನೊಬ್ಬನೇ ಮುರಿದದ್ದಲ್ಲ ಡಾಕ್ಟ್ರೇ,” ಎಂದರು ಅವರು, ಚಾರ್ಟಿನಿಂದ ಕಣ್ಣು ತೆಗೆಯದೆ.

ನಾನು ನಗು ತಡೆಯಲಿಲ್ಲ. ವ್ರತದ ವಿಷಯ ಕೇಳಿದೆ. ಸದ್ಯಕ್ಕಿಲ್ಲ ಎಂದು ಬಸದಿಯವರಿಗೆ ಧರಣಪ್ಪನವರೇ ತಿಳಿಸಿ ಬಂದಿದ್ದರಂತೆ. ಆಗ ಇಬ್ಬರಲ್ಲೂ ಕ್ಷಮೆ ಕೇಳಿದೆ. ಅಯ್ಯೋ, ಅದೆಲ್ಲ ಇರಲಿ ಬಿಡಿ ಎಂದು ಧರಣಪ್ಪನವರು ಕೈಯಾಡಿಸಿದರು. ಪದ್ಮಾವತಿ ಹಾಗೆನ್ನಲಿಲ್ಲ.

“ನಲವತ್ತನಾಲ್ಕಕ್ಕೇ ಮುದುಕಿಯಾದೆ ಅಂತ ಕೂತಿದ್ದೆ ಡಾಕ್ಟರಮ್ಮ,” ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡರು.

ಅಂದಿನಿಂದ ಆಪರೇಷನ್ ಆದವರನ್ನು ಮನೆಗೆ ಕಳಿಸುವಾಗ ಗಂಡಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಳ್ಳುತ್ತೇನೆ. ಬೇಡ ಎಂದದ್ದು ಎಂದಿನವರೆಗೆ, ಆಮೇಲೆ ಹೇಗೆ ಶುರುಮಾಡಬೇಕು ಎಂದು ಹೇಳಿ, ಬರೆದೂ ಕೊಡುತ್ತೇನೆ. ಅವರು ನೆಲ ನೋಡುತ್ತಾರೆ. ಮುಜುಗರ ನನಗೂ ಆಗುತ್ತದೆ. ಆ ಮಾತಿಗೆ ಹಿಡಿಯುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಿಂದ ತಪ್ಪಿಸಿಕೊಳ್ಳಲು ಹೋಗಿ ನಾನು ಒಬ್ಬ ಹೆಂಗಸಿನ ನಾಲ್ಕು ವರ್ಷ ಕಳೆದುಹಾಕಿದ್ದೆ.