ಅಪ್ಪನ ಹೆಸರಿಗೊಂದು ರ್ಯಾಪ್

ಒಡಪಿನ ಬಗ್ಗೆ ನನ್ನೆದುರು ಯಾರೂ ಹಗುರಾಗಿ ಮಾತಾಡಬಾರದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ನಮ್ಮ ಕಡೆಯ ಹೆಂಗಸರು ಮದುವೆಯಲ್ಲಿ, ಕುಬಸ ಅನ್ನುವ ಸೀಮಂತದಲ್ಲಿ ಮಾತ್ರ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ಅದೇ ಒಡಪು. ಅವ್ವ ಅದರಲ್ಲಿ ಎತ್ತಿದ ಕೈ. ಕೇಬಲ್ ಟೀವಿಯಲ್ಲಿ ಮೊದಲ ಸಲ ರ್ಯಾಪ್ ಕೇಳಿದಾಗ ನನಗೇನೂ ಹೊಸದೆನಿಸಲಿಲ್ಲ. ಅವ್ವ ಇಷ್ಟು ವರ್ಷ ಮಾಡಿದ್ದು ಇದನ್ನೇ, ಟೊಪ್ಪಿಗೆ ಉಲ್ಟಾ ಹಾಕಿರಲಿಲ್ಲ ಅಷ್ಟೇ.

ಆಗ ನಾನು ನಮ್ಮೂರು ಬೈಲಹೊಂಗಲದಲ್ಲಿಯೇ ಪಿಯುಸಿ ಓದುತ್ತಿದ್ದೆ. ಅಪ್ಪನಿಗೆ ಯರಗಟ್ಟಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾವು ಗ್ಯಾದರಿಂಗ್ ಅನ್ನುತ್ತಿದ್ದೆವು. ಅದಕ್ಕೆಂದು ನಾನೇ ಒಂದು ರ್ಯಾಪ್ ಕಟ್ಟಿದ್ದೆ. ಅಪ್ಪ ಅದನ್ನು ಕೇಳಲೂ ಇಲ್ಲ.

"ಹೆಣ್ಣುಮಕ್ಕಳು ಸ್ಟೇಜ್ ಮ್ಯಾಲ ನಿಂತು ಒದರೂದಿಲ್ಲ. ಮುಗೀತು."

"ಯಾಕ?"

"ಯಾಕ ಅಂತ ಕೇಳೂದೂ ಇಲ್ಲ."

ಅವ್ವ ಬಾಗಿಲಲ್ಲಿ ನಿಂತು, ಸುಮ್ಮನಿರು ಎಂದು ಕಣ್ಣು ಬಿಟ್ಟಳು. ಅಪ್ಪನಿಗಿಂತ ಅವಳ ಮೇಲೆಯೇ ನನಗೆ ಸಿಟ್ಟು ಬಂತು.

ಅದೇ ವಾರ ಮುನವಳ್ಳಿಯಲ್ಲಿ ಸೋದರತ್ತೆಯ ಮಗಳ ಕುಬಸ. ಬಸುರಿ ಹೊಸ ಸೀರೆಯುಟ್ಟು ನಡುಮನೆಯಲ್ಲಿ ಕುಳಿತಿದ್ದಳು. ಗಂಡಸರು ಪಡಸಾಲೆಯಲ್ಲಿ ಊಟಕ್ಕೆ ಕಾಯುತ್ತಿದ್ದರು. ಒಬ್ಬೊಬ್ಬರಾಗಿ ಹೆಂಗಸರು ಒಡಪು ಹೇಳತೊಡಗಿದರು. ನಾನು ಎದ್ದು ನಿಂತೆ.

"ಗಂಡನ ಇಲ್ಲ, ಯಾರ ಹೆಸರು ಹೇಳ್ತೀಯವ್ವಾ?" ಎಂದು ಸೋದರತ್ತೆ ನಕ್ಕಳು.

"ಅಪ್ಪಂದು!" ಎಂದೆ. ತಾಮ್ರದ ಕೊಡವನ್ನು ಬೋರಲು ಹಾಕಿ ಬಡಿಯುತ್ತ ಶುರುಮಾಡಿಯೇ ಬಿಟ್ಟೆ.

"ಜೀನ್ಸ್ ಬ್ಯಾಡ, ಡಾನ್ಸ್ ಬ್ಯಾಡ, ನಗಾಕಂತೂ ಬ್ಯಾಡ,
ಫೋನ್ ಬಂದ್ರ ಮುಗೀತು, ಮನಿಯೆಲ್ಲಾ ರಾಡ!
ಓದು ಓದು ಅಂತಾರ, ಓದಿದ್ರ ಲೈಟ್ ಆರಸ್ತಾರ,
ಬಾಯಿ ಬಿಡು ಅಂತಾರ, ಬಿಟ್ರ ಬಾಯಿ ಮುಚ್ಚಸ್ತಾರ!"

ಕೊನೆಗೆ ಅಪ್ಪನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದೆ. ಮುದುಕಿಯರು ಸೆರಗು ಬಾಯಿಗೊತ್ತಿ ನಕ್ಕರು. ಆದರೆ ಪಡಸಾಲೆ ತಣ್ಣಗಾಯಿತು. ಅಪ್ಪ ಬಾಗಿಲಿಗೆ ಬಂದು ನಿಂತಿದ್ದ. ಮುಖ ಕೆಂಪಗಾಗಿತ್ತು.

"ಸಾಕು, ಮನಿಗೆ ನಡಿ," ಎಂದ.

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೂ ಕೊಡ ಬಿಡಲಿಲ್ಲ. ಆಗ ಮೂಲೆಯಲ್ಲಿ ಎಲೆ ಅಡಿಕೆ ಹಂಚುತ್ತಿದ್ದ ಅವ್ವ ತಟ್ಟೆ ಕೆಳಗಿಟ್ಟಳು.

"ತಡೀರಿ, ನಂದು ಇನ್ನೂ ಆಗಿಲ್ಲ," ಎಂದು ಅಪ್ಪನನ್ನೇ ನೋಡುತ್ತ ಹೇಳಿದಳು.

"ಮಲಪ್ರಭೆಗೆ ಒಡ್ಡು ಹಾಕಿ ನಿಂದ್ರಸ್ಯಾರ ನೀರು," ಎಂದು ಅಪ್ಪನ ಹೆಸರು ಹಿಡಿದು ಮುಂದುವರಿಸಿದಳು, "ಅವರ ಮಗಳ ಬಾಯಿಗೆ ಒಡ್ಡು ಹಾಕೋರ್ ಯಾರು?"

ನಡುಮನೆ ಎದ್ದು ಕುಣಿಯಿತು. ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಡಪು ಹೇಳಿದವಳ ಮೇಲೆ ಗಂಡ ರೇಗುವಂತಿಲ್ಲ, ಅದು ರೂಢಿ. ಅಪ್ಪ ಮರಳಿ ಹೋಗಿ ಪಡಸಾಲೆಯಲ್ಲಿ ಕುಳಿತ. ನನಗೆ ಅಳು ಬಂತು, ಸಂತೋಷಕ್ಕೆ.

ಮನೆಗೆ ಮರಳುವ ಬಸ್ಸು ಯರಗಟ್ಟಿ ದಾಟಿತು. ಆಮೇಲೆ ಅಪ್ಪ ಅವ್ವನನ್ನು ಕೇಳಿದ, "ಅದನ್ನ ಯಾವಾಗ ಕಟ್ಟಿದಿ?"

"ರೊಟ್ಟಿ ಬಡ್ಯೂವಾಗ. ಗ್ಯಾದರಿಂಗಿಗೆ ಅಕಿನ್ನ ಕಳಸ್ರಿ. ಇಲ್ಲಂದ್ರ ನಾನ ಹೋಗಿ ಹೇಳತೇನಿ."

ಅಪ್ಪ ಕಿಟಕಿಯಾಚೆ ನೋಡಿದ. ನನ್ನತ್ತ ತಿರುಗದೆಯೇ ಅಂದ, "ಹೋಗು. ನನ್ನ ಹೆಸರು ಮಾತ್ರ ತಗೀಬ್ಯಾಡ."

"ಹೆಸರಿಲ್ಲದ ಒಡಪು ಪೂರಾ ಆಗೂದಿಲ್ಲ ಅಪ್ಪಾ."

"ಹಂಗಾರ ಸರಿಯಾಗಿ ಹೇಳು. ಮನಿತನದ ಅಡ್ಡಹೆಸರು ಬಿಡಬ್ಯಾಡ."

ಹೇಳಿದೆ. ಅಡ್ಡಹೆಸರಿನ ಸಮೇತ, ಗ್ಯಾದರಿಂಗಿನ ಮೈಕಿನಲ್ಲಿ. ಮೊದಲ ಸಾಲಿನಲ್ಲಿ ಅವ್ವನ ಪಕ್ಕ ಕುಳಿತಿದ್ದ ಅಪ್ಪನಿಗೆ ಸರಿಯಾಗಿ ಕೇಳಿಸಲಿ ಎಂದು ಇನ್ನೊಮ್ಮೆ ಹೇಳಿದೆ.