ಮನೆಯ ಚಿತ್ರ ಒತ್ತಿದರೆ

ಮುರುಗೆಪ್ಪ ಬಂದದ್ದು ಪುಣೆಯ ಕಿರಾಣಿ ಅಂಗಡಿಯವರಿಗೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಹೆಗಲಿಗೊಂದು ಕ್ಯಾನ್ವಾಸ್ ಚೀಲ, ಅದರ ತುಂಬ ಬ್ಯಾಡಗಿ ಮೆಣಸಿನಕಾಯಿಯ ನಮೂನೆ ಪೊಟ್ಟಣಗಳು. ಅವನು ಮೆಟ್ಟಿಲು ಹತ್ತಿದನೋ ಇಲ್ಲವೋ, ಗಲ್ಲೆಯ ಮೇಲೆ ಕೂತವನು ಸೀನುತ್ತಿದ್ದ. ಮಾರ್ಕೆಟ್ ಯಾರ್ಡಿನ ಅಂಗಡಿಯಿಂದ ನಮೂನೆ ಒಯ್ಯುವುದು, ತೋರಿಸುವುದು, ಯಾರಿಗೆ ಎಷ್ಟು ಮಾಲು ಬೇಕೋ ಕೇಳಿಕೊಂಡು ಬರುವುದು, ಇದೇ ಅವನ ಕೆಲಸ. ಇಂಡಿ ತಾಲೂಕಿನಿಂದ ಮೀಸೆ ಚಿಗುರುವ ವಯಸ್ಸಿಗೆ ಬಂದವನು, ಈಗ ಮೀಸೆ ಬೆಳ್ಳಗಾಗಿದೆ. ಶಿರೂರಿನಿಂದ ದೇಹೂ ರೋಡಿನವರೆಗೆ ಅವನ ಮೋಟಾರ್ ಸೈಕಲ್ಲು ಹೊಗದ ಗಲ್ಲಿಯಿಲ್ಲ. ಹೊಸ ಲಾರಿ ಡ್ರೈವರು ದಾರಿ ಕೇಳಿದರೆ ಹಮಾಲರು ಮುರುಗೆಪ್ಪನ ಕಡೆಗೆ ಕೈ ತೋರಿಸುತ್ತಿದ್ದರು.

ಅಂಗಡಿ ತಮ್ಮ ಚನ್ನವೀರನದು. ಆ ಚನ್ನವೀರನನ್ನು ಊರಿಂದ ಕರೆತಂದವನು ಯಾರು? ಮುರುಗೆಪ್ಪ. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದೊಂದು ಗಿರಾಕಿಯ ಬಾಗಿಲು ತೋರಿಸಿದವನು ಯಾರು? ಮುರುಗೆಪ್ಪ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅನ್ನುತ್ತಾರೆ. ಇಲ್ಲಿ ದಾಯಾದಿಗಳಾಗಲು ಹಂಚಿಕೊಳ್ಳುವಂಥ ಆಸ್ತಿಯಾದರೂ ಎಲ್ಲಿತ್ತು? ತಮ್ಮನಿಗೆ ಮಾತು ಬರುತ್ತಿತ್ತು, ಅಣ್ಣನಿಗೆ ದಾರಿ ಗೊತ್ತಿತ್ತು. ಮಾತು ಬಂದವನು ಮಾಲಕನಾದ, ದಾರಿ ಗೊತ್ತಿದ್ದವನು ಆಳಾಗಿ ಉಳಿದ.

ಆ ದಾರಿಯೇ ಈಗ ಕೈಕೊಡತೊಡಗಿತ್ತು.

ಮೊದಲ ಸಲ ಅದು ಶಿರೂರಿನಿಂದ ಬರುವಾಗ ಆಯಿತು. ಸಾವಿರ ಸಲ ದಾಟಿದ ಚೌಕು. ಎಡಕ್ಕೋ ಬಲಕ್ಕೋ ಎಂದು ಕೈ ತಡೆಯಿತು. ಸುತ್ತಲಿನ ಬೋರ್ಡುಗಳನ್ನು ಓದಿದ, ಅಕ್ಷರ ತಿಳಿಯಿತು, ತಾನು ಎಲ್ಲಿದ್ದೇನೆಂದು ತಿಳಿಯಲಿಲ್ಲ. ಹಿಂದಿನಿಂದ ಹಾರ್ನು ಕೂಗತೊಡಗಿದಾಗ ಗಾಡಿಯನ್ನು ಬದಿಗೆ ತಳ್ಳಿ, ಕೆಟ್ಟಿದೆಯೆಂಬಂತೆ ಪ್ಲಗ್ಗು ಬಿಚ್ಚಿ ಒರೆಸುತ್ತ ಕೂತ. ಒರೆಸಿ ಒರೆಸಿ ಕೈ ಕಪ್ಪಾದ ಮೇಲೆ ದಾರಿ ತಾನಾಗಿ ನೆನಪಿಗೆ ಬಂತು. ಆಮೇಲೆ ಅದೇ ರೂಢಿಯಾಯಿತು. ದಾರಿ ಮರೆತಾಗೆಲ್ಲ ಪ್ಲಗ್ಗು ಒರೆಸುವುದು. ಹೆಂಡತಿ ಶಿವಬಸವ್ವನಿಗೂ ಹೇಳಲಿಲ್ಲ. ಹೇಳಿದರೆ ಅವಳು ಅಳುತ್ತಾಳೆ, ಅತ್ತರೆ ವಠಾರಕ್ಕೆ ಗೊತ್ತಾಗುತ್ತದೆ, ವಠಾರಕ್ಕೆ ಗೊತ್ತಾದರೆ ಅಂಗಡಿಗೆ ಗೊತ್ತಾಗುತ್ತದೆ.

ಅಂಗಡಿಗೆ ಗೊತ್ತಾದರೆ ಏನಾಗುತ್ತದೆಂದು ಅವನು ಕಣ್ಣಾರೆ ಕಂಡಿದ್ದ. ಹಳೆಯ ಗುಮಾಸ್ತ ಅನಂತರಾಮುವಿಗೆ ಕಣ್ಣು ಮಂಜಾದದ್ದೇ ತಡ, ಚನ್ನವೀರ ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು, "ಭಾಳ ದುಡಿದೀರಿ, ಇನ್ನ ಆರಾಮ ಮಾಡ್ರಿ" ಎಂದು ಎಲ್ಲರೆದುರು ಕೈಮುಗಿದು ಕಳಿಸಿಬಿಟ್ಟ. ಎಂಥ ಮರ್ಯಾದೆ! ಮರುದಿನ ಅನಂತರಾಮು ರೂಢಿಯ ಮೇಲೆ ಅಂಗಡಿಗೆ ಬಂದರೆ ಅವನ ಗಾದಿಯ ಮೇಲೆ ಬೇರೊಬ್ಬ ಕೂತಿದ್ದ. ಮುರುಗೆಪ್ಪ ಅಂದಿನಿಂದ ಶಾಲು ಕಂಡರೆ ಮುಖ ತಿರುಗಿಸುತ್ತಿದ್ದ. ಗಾಡಿ ಬಿಟ್ಟರೆ ಅವನಿಗೆ ಇನ್ನೇನಿದೆ?

ಆಗ ಕಣ್ಣಿಗೆ ಬಿದ್ದದ್ದು ಆ ಜಿಪಿಎಸ್. ಚನ್ನವೀರ ಹೊಸ ಕಾರು ತಂದಿದ್ದ, ಅದರಲ್ಲಿ ದಾರಿ ತೋರಿಸುವ ಪರದೆ ಒಳಗೇ ಇತ್ತು. ಹಳೆಯ ಕಾರಿನ ಗಾಜಿಗೆ ಅಂಟಿಸುತ್ತಿದ್ದ ಯಂತ್ರ ಅಂಗಡಿಯ ಖಾನೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಮುರುಗೆಪ್ಪ ಕೇಳಿದ. ಚನ್ನವೀರ ನಕ್ಕ.

"ನಿನಗ್ಯಾಕ ಬೇಕೋ ಅಣ್ಣಾ? ಇಡೀ ಪುಣಾ ನಿನ್ನ ತಲ್ಯಾಗ ಅದ."

"ಸುಮ್ನ, ಖುಷಿಗೆ, ಹೌಸಿಗೆ," ಎಂದ ಮುರುಗೆಪ್ಪ.

"ಒಯ್ಯಿ, ಒಯ್ಯಿ. ಮುದುಕಪ್ಪಗ ಹೌಸಿ ನೋಡು!"

ಮೊಬೈಲಿನಲ್ಲೇ ನಕ್ಷೆ ಬರುತ್ತದಲ್ಲ ಎನ್ನಬೇಡಿ. ಅವನದು ಗುಂಡಿ ಒತ್ತುವ ಮೊಬೈಲು. ಹೊಸದು ಕೊಂಡರೆ ಯಾಕೆ, ಏನು, ಯಾರಿಗಾಗಿ ಎಂದು ಶಿವಬಸವ್ವ ಕೇಳದೆ ಬಿಡುವವಳಲ್ಲ. ತಮ್ಮ ಕೊಟ್ಟದ್ದೆಂದರೆ ಯಾರೂ ಏನೂ ಕೇಳುವುದಿಲ್ಲ.

ಗುಲ್ಟೇಕಡಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಅಂಬಾದಾಸ ಕಲಬುರಗಿ ಕಡೆಯವನು. ಯಂತ್ರವನ್ನು ತಿರುವಿ ಮುರುವಿ ನೋಡಿದ.

"ಅಣ್ಣಾರ, ಇದು ಕಾರಿಂದರಿ. ಗಾಜಿಗಿ ಅಂಟಸೂದು. ನಿಮ್ಮ ಗಾಡಿಗಿ ಗಾಜು ಎಲ್ಲದರಿ?"

"ಅದಕ್ಕ ನಿನ್ನ ಹಂತ್ಯಾಕ ಬಂದೀನಿ. ಏನಾರ ಮಾಡು."

ಅಂಬಾದಾಸ ಮಾಡಿದ. ಬ್ಯಾಟರಿಯಿಂದ ತಂತಿ ಎಳೆದು, ನಡುವೆ ಫ್ಯೂಸು ಇಟ್ಟು, ಕಾರಿನಲ್ಲಿ ಸಿಗರೇಟು ಹಚ್ಚುವ ತೂತಿರುತ್ತದಲ್ಲ, ಅಂಥದೊಂದನ್ನು ಹೆಡ್‌ಲೈಟಿನ ಹಿಂದೆ ಕೂರಿಸಿದ. ಹ್ಯಾಂಡಲಿಗೆ ಪಟ್ಟಿ ಬಿಗಿದ. ಪುಣೆಯ ಹೊಂಡಗಳಿಗೆ ಯಂತ್ರ ಅದುರಿ ಸಾಯಬಾರದೆಂದು ಸೈಕಲ್ ಟ್ಯೂಬು ಕತ್ತರಿಸಿ ಕೆಳಗೆ ಮೆತ್ತೆ ಹಾಕಿದ. ಬಿಸಿಲಿಗೆ ಪರದೆ ಕಾಣದೆಂದು ಕಪ್ಪು ರೆಕ್ಸಿನ್ನಿನ ಸೂರು ಹೊಲಿದ. ದನಿ ಕೇಳಿಸಲೆಂದು ಹೆಲ್ಮೆಟ್ಟಿನೊಳಗೆ ವೈರು ಬಿಟ್ಟ. ಹಿಂದಿಯಲ್ಲಿ ಒಬ್ಬ ಹೆಂಗಸು ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ ಎಂದು ಮುರುಗೆಪ್ಪನ ಕಿವಿಯಲ್ಲೇ ಹೇಳತೊಡಗಿದಳು. ಗಿರಾಕಿಗಳ ಅಂಗಡಿಗಳನ್ನೆಲ್ಲ ಒಂದೊಂದಾಗಿ ಒಳಗೆ ಸೇರಿಸಿದ್ದಾಯಿತು.

"ಈಗ ನಿಮ್ಮ ಅಂಗಡಿ, ನಿಮ್ಮ ಮನಿ," ಎಂದ ಅಂಬಾದಾಸ. "ಇಲ್ಲಿ ಮನಿ ಚಿತ್ರ ಅದ ನೋಡ್ರಿ. ಇದನ್ನ ಒತ್ತಿದ್ರ ಎಲ್ಲಿದ್ರೂ ಸೀದಾ ಮನಿಗಿ ಒಯ್ತದ. ಹಾಕ್ಲೇನ್ರಿ?"

ಮುರುಗೆಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. "ಏ, ನನ್ನ ಅಂಗಡಿ, ನನ್ನ ಮನಿ ದಾರಿ ನನಗ ಇದು ಹೇಳಬೇಕೇನು? ಅಷ್ಟು ಕೆಟ್ಟಿಲ್ಲ ನಾ. ಬ್ಯಾಡ."

ಅಂಬಾದಾಸ ಅವನ ಮುಖ ನೋಡಿದ. ಹುಳುಕಿಲ್ಲದ ಪ್ಲಗ್ಗನ್ನು ಈ ಮನುಷ್ಯ ಯಾಕೆ ದಾರಿಯಲ್ಲೆಲ್ಲ ಬಿಚ್ಚುತ್ತಾನೆಂದು ಅವನಿಗೂ ಅನುಮಾನವಿತ್ತೋ ಏನೋ. ಹ್ಯಾಂಡಲಿನ ಪಟ್ಟಿಯನ್ನು ಇನ್ನೊಮ್ಮೆ ಬಿಗಿದ.

ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ನಕ್ಷೆ ಹಳೆಯದು, ಹೊಸ ಮೇಲ್ಸೇತುವೆ ಬಂದಲ್ಲಿ ಹೆಂಗಸು ತಬ್ಬಿಬ್ಬಾಗುತ್ತಿದ್ದಳು. ಆದರೂ ಮುರುಗೆಪ್ಪನ ಎದೆಯ ಮೇಲಿನ ಕಲ್ಲು ಇಳಿದಿತ್ತು.

ಒಂದು ದಿನ ಬೆಳಿಗ್ಗೆ ಚನ್ನವೀರ ತಾನೇ ಫೋನು ಮಾಡಿ, "ಇವತ್ತ ನೀ ದೇಹೂ ರೋಡಿಗೆ ಹೋಗಿ ಬಾ. ಅವಸರಿಲ್ಲ, ಸಂಜೀತನಾ ಆದ್ರೂ ನಡೀತದ," ಎಂದ. ಅವಸರವಿಲ್ಲದ ಕೆಲಸವನ್ನು ಚನ್ನವೀರ ಹುಟ್ಟಿದಾಗಿನಿಂದ ಯಾರಿಗೂ ಹೇಳಿದವನಲ್ಲ. ಮುರುಗೆಪ್ಪನಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ದೇಹೂ ರೋಡಿನ ಕೆಲಸ ಬೇಗ ಮುಗಿಯಿತು. ವಾಪಸ್ಸು ಹೊರಟವನು ಎಲ್ಲಿಯೋ ತಪ್ಪಿ, ಮಿಲಿಟರಿಯವರ ಗೇಟಿನ ಮುಂದೆ ಹೋಗಿ ನಿಂತ. ಬಂದೂಕು ಹಿಡಿದ ಸಿಪಾಯಿ ಎಲ್ಲಿಗೆ ಹೋಗಬೇಕು ಎಂದು ಹಿಂದಿಯಲ್ಲಿ ಕೇಳಿದ. ಮುರುಗೆಪ್ಪ ಬಾಯಿ ತೆರೆದ. ಬಿಬವೇವಾಡಿ ಎನ್ನುವ ಹೆಸರು ನಾಲಿಗೆಗೆ ಬರಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಬಾಳಿದ ಜಾಗದ ಹೆಸರು! ಮಾರ್ಕೆಟ್ ಯಾರ್ಡ್ ಕೂಡ ಬರಲಿಲ್ಲ. ಬೆನ್ನು ಬೆವರಿ ಅಂಗಿ ಅಂಟಿಕೊಂಡಿತು. "ಘರ್," ಎಂದಷ್ಟೇ ಹೇಳಿ, ಪರದೆಯ ಮೇಲಿನ ಮನೆಯ ಚಿತ್ರ ಒತ್ತಿದ. ಮನೆಯೆಂದರೆ ಮನೆ, ಯಂತ್ರಕ್ಕೆ ಗೊತ್ತಿರುತ್ತದೆ ಎಂದುಕೊಂಡ. ಹೆಂಗಸು ಸಮಾಧಾನದಿಂದ ದಾರಿ ಹೇಳತೊಡಗಿದಳು. ಆ ಗಳಿಗೆಗೆ ಅವಳು ಅವನ ಪಾಲಿನ ತಾಯಿಯೇ ಆದಳು.

ರಸ್ತೆ ಅಗಲವಾಗುತ್ತ ಹೋಯಿತು. ಎರಡೂ ಬದಿಗೆ ಗಿಡಗಳು, ಎತ್ತರದ ಕಾಂಪೌಂಡುಗಳು. ಹೊಸ ಒಳದಾರಿ ಇರಬೇಕು ಎಂದುಕೊಂಡ. ಮನೆ ಬಂತು ಎಂದು ಹೆಂಗಸು ಹೇಳಿದಾಗ ಎದುರಿಗೆ ಚೆಂಡುಹೂವಿನ ಮಾಲೆ ಕಟ್ಟಿದ ಗೇಟು, ಒಳಗೆ ಶಾಮಿಯಾನ, ಸಾಲು ಕಾರುಗಳು. ಅದು ಚನ್ನವೀರನ ಬಂಗಲೆ. ಹಳೆಯ ಕಾರು ದಿನಾ ಮರಳುತ್ತಿದ್ದ ಮನೆ. ಗೇಟಿನ ಮೇಲಿನ ಬೋರ್ಡಿನಲ್ಲಿ ತಮ್ಮನ ಮಗಳು ರೇಣುವಿನ ಹೆಸರು, ಯಾವನೋ ಹುಡುಗನ ಹೆಸರು, ಮರಾಠಿಯಲ್ಲಿ 'ಸಾಖರಪುಡಾ'.

ರೇಣುವಿನ ನಿಶ್ಚಯ! ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟ ಕೂಸಿನ ನಿಶ್ಚಯ. ದೊಡ್ಡಪ್ಪನಿಗೆ ಹೇಳಿಕೆಯಿಲ್ಲ, ದೊಡ್ಡವ್ವನನ್ನು ಕುಂಕುಮ ಹಚ್ಚಿ ಕರೆದದ್ದಿಲ್ಲ. ಅವಸರವಿಲ್ಲದ ದೇಹೂ ರೋಡಿನ ಕೆಲಸದ ಅರ್ಥ ಆಗ ಆಯಿತು.

ತಿರುಗಿಸಿಕೊಂಡು ಹೋಗಬೇಕೆಂದರೆ ಎಲ್ಲಿಗೆ ಹೋಗುವುದು? ಚಿತ್ರ ಮತ್ತೆ ಒತ್ತಿದ. ನೀವು ಮನೆಯಲ್ಲೇ ಇದ್ದೀರಿ ಎಂದಳು ಹೆಂಗಸು. ಅಷ್ಟರಲ್ಲಿ ಚನ್ನವೀರ ನೋಡಿಬಿಟ್ಟ. ರೇಷ್ಮೆ ಜುಬ್ಬಾದಲ್ಲಿ ಓಡಿಬಂದು ತೋಳು ಹಿಡಿದ.

"ದೇಹೂ ರೋಡಿಗೆ ಹೋಗಂದಿದ್ದೆ. ಇಲ್ಲಿಗೆ ಹೆಂಗ ಬಂದಿ? ಯಾರು ಹೇಳಿದ್ರು ನಿನಗ?"

ದಾರಿ ತಪ್ಪಿತೋ ತಮ್ಮಾ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ನಾಳೆಯೇ ಶಾಲು. ಮುರುಗೆಪ್ಪ ತಲೆ ಎತ್ತಿದ.

"ಮಗಳ ನಿಶ್ಚಯಕ್ಕ ದೊಡ್ಡಪ್ಪ ಬರಬಾರದೇನೋ?"

ಜೀವಮಾನದಲ್ಲಿ ತಮ್ಮನಿಗೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅದೂ ಸುಳ್ಳು.

ಬೀಗರಾಗುವವರು ಇತ್ತ ನೋಡತೊಡಗಿದ್ದರು. ಹಿರಿಯರೊಬ್ಬರು ಮೆಣಸಿನಕಾಯಿಯ ಘಾಟಿಗೆ ಸೀನಿ, ಕರವಸ್ತ್ರ ಹಿಡಿದು, ಇವರು ಯಾರು ಎಂದು ಕೇಳಿದರು. ಚನ್ನವೀರ ಹಲ್ಲು ಕಿರಿದ.

"ನಮ್ಮ ಅಂಗಡ್ಯಾಗ ಹಳಬರ್ರಿ. ಮನಿ ಮಂದಿ ಇದ್ಹಂಗ."

ಇದ್ಹಂಗ! ಒಂದೇ ತಾಯಿಯ ಮೊಲೆ ಕುಡಿದವನ ಬಾಯಲ್ಲಿ ಬಂದ ಮಾತು. ಮಂಟಪದಲ್ಲಿ ಕೂತ ರೇಣು ದೊಡ್ಡಪ್ಪನನ್ನು ಕಂಡು ಬಾಯಿ ತೆರೆದವಳು, ಅಪ್ಪನ ಮುಖ ನೋಡಿ ಮುಚ್ಚಿಕೊಂಡಳು. ಅಡುಗೆಯವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಮುರುಗೆಪ್ಪನಿಗೆ ಹೋಳಿಗೆ ಬಡಿಸಿದರು. ಅವನು ತಿಂದ. ಎದ್ದು ಹೋಗುವ ರೋಷ ಇರಲಿಲ್ಲವೆಂದಲ್ಲ, ಹೋಗಲು ದಾರಿ ಇರಲಿಲ್ಲ.

ಕೈ ತೊಳೆಯುವಾಗ ಬಿಬವೇವಾಡಿ ನೆನಪಿಗೆ ಬಂತು. ಹೆಸರಷ್ಟೇ ಬಂತು, ದಾರಿ ಬರಲಿಲ್ಲ. ಹೊರಗೊಂದು ರಿಕ್ಷಾ ನಿಲ್ಲಿಸಿ, ಬಿಬವೇವಾಡಿಗೆ ನಡಿ, ನಾ ಹಿಂದೆ ಗಾಡಿಯಲ್ಲಿ ಬರುತ್ತೇನೆ ಎಂದ. "ಆಣಿ ಪ್ಯಾಸೆಂಜರ್ ಕುಠೆ ಆಹೆ?" ಕೂರುವವರು ಎಲ್ಲಿ ಎಂದು ರಿಕ್ಷಾದವನು ನಗತೊಡಗಿದ. ಮೊದಲೇ ಹಣ ಕೈಗಿಟ್ಟ ಮೇಲೆ ಸುಮ್ಮನಾದ. ಖಾಲಿ ರಿಕ್ಷಾ ಮುಂದೆ, ಪುಣೆಯ ಗಲ್ಲಿ ಗಲ್ಲಿ ಅರೆದು ಕುಡಿದ ಮುರುಗೆಪ್ಪ ಅದರ ಹಿಂದೆ.

ಗೇಟಿನಲ್ಲಿ ಯಾರೋ ಹುಡುಗಿ ಎಲ್ಲರಿಗೂ ಕೊಡುವಂತೆ ಅವನಿಗೂ ತಾಂಬೂಲದ ಚೀಲ ಕೊಟ್ಟಿದ್ದಳು. ಮನೆ ಮುಟ್ಟಿದಾಗಲೂ ಅದು ಹ್ಯಾಂಡಲಿಗೆ ಹಾಗೇ ನೇತಾಡುತ್ತಿತ್ತು. ಶಿವಬಸವ್ವ ಚೀಲದ ಮೇಲಿನ ಹೆಸರು ಓದಿದಳು.

"ಕರೀಲಾರದ ಮನಿಗೆ ಹೋಗಿ ಉಂಡು ಬಂದ್ರೇನ್ರಿ?"

ಮುರುಗೆಪ್ಪ ಬೂಟು ಬಿಚ್ಚುತ್ತ, "ಹಸಿವಾಗಿತ್ತು," ಎಂದ.

"ಅಡಿಕಿಗಿ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲಂತಾರ. ನೀವು ಹೋಳಿಗಿಗೆ ಕಳಕೊಂಡು ಬಂದ್ರಿ. ಆ ಶೈಲಶ್ರೀ ನಾಳೆ ಮಂದಿ ಮುಂದ ಏನಂತಾಳ? ಇಷ್ಟ ದಿನ ಅವರ ಮನಿ ಮೆಟ್ಟಿಲ ತುಳೀದ ನಾ ಬಾಳೇವು ಮಾಡಿಲ್ಲೇನು?"

ಮೈದುನನ ಹೆಂಡತಿ ಶೈಲಶ್ರೀಯ ಮುಂದೆ ತಗ್ಗಬಾರದೆಂದು ಆಕೆ ಹಬ್ಬಕ್ಕೆ ಹಳೇ ಸೀರೆ ಇಸ್ತ್ರಿ ಮಾಡಿ ಉಟ್ಟವಳು. ಚೀಲವನ್ನು ಮೂಲೆಗೆ ಎಸೆದು ಬೆನ್ನು ತಿರುಗಿಸಿದಳು. ಒಂದು ಮಾತು ಹೇಳಿದ್ದರೆ ಆ ಬೆನ್ನು ಇತ್ತ ತಿರುಗುತ್ತಿತ್ತು. ಮುರುಗೆಪ್ಪ ಬೂಟುಗಳನ್ನು ಜೋಡಿಸಿ ಗೋಡೆಗೆ ಒತ್ತಿ ಇಟ್ಟ.

ಮರುದಿನ ಬೆಳಿಗ್ಗೆ ಅವನು ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ, ಕೀಲಿ ತಿರುಗಿಸಿ, ಮನೆಯ ಚಿತ್ರದ ಮೇಲೆ ಬೆರಳಿಟ್ಟು ಹಿಡಿದ. ಇದೇ ಜಾಗವನ್ನು ಮನೆಯೆಂದು ಇಟ್ಟುಕೊಳ್ಳಲೇ ಎಂದು ಯಂತ್ರ ಕೇಳಿತು. ಹೊಸ್ತಿಲು ತೊಳೆಯುತ್ತಿದ್ದ ಶಿವಬಸವ್ವ ನಿನ್ನೆಯಿಂದ ಮಾತಾಡಿರಲಿಲ್ಲ. ಈಗ ತಡೆಯಲಾಗಲಿಲ್ಲ.

"ಏನು ಮಾಡ್ಲಿಕತ್ತೀರಿ ಅದರಾಗ?"

"ನಮ್ಮ ಮನಿ ಹಾಕ್ಲಿಕತ್ತೀನಿ."

"ನಮ್ಮ ಮನಿ ದಾರಿ ಅದಕ್ಕ್ಯಾಕ ಬೇಕ್ರಿ?"

ಮುರುಗೆಪ್ಪ ಅಂಗಿಯ ತುದಿಯಿಂದ ಪರದೆ ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ತಂಬಿಗೆ ಹಿಡಿದ ಶಿವಬಸವ್ವ ಆ ಕೈಯನ್ನೇ ನೋಡುತ್ತ ನಿಂತಳು.

"ನಿನ್ನೆ ಅಲ್ಲಿಗೆ ನೀವಾಗೇ ಹೋಗಿದ್ದಿಲ್ಲ," ಎಂದಳು, ಮೆಲ್ಲಗೆ. "ಹೌದಲ್ರಿ?"

ಅವಳ ಮುಖದ ಮೇಲಿನ ಸಿಟ್ಟು ಇಳಿದುಹೋಗಿತ್ತು. ಅದರ ಜಾಗಕ್ಕೆ ಬಂದ ಅಂಜಿಕೆಯನ್ನು ಕಂಡಾಗ ಮುರುಗೆಪ್ಪನಿಗೆ ಆ ಸಿಟ್ಟೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.