ಬಾಯಿ ಮುಚ್ಚದ ಮೂರು

ಮೂರು ಎಂಬುದು ಸರಿ ಸಂಖ್ಯೆಯೋ ಬೆಸ ಸಂಖ್ಯೆಯೋ ಎಂಬ ಗಹನವಾದ ಪ್ರಶ್ನೆಯನ್ನು ಮನುಕುಲ ಎಂದೋ ಇತ್ಯರ್ಥ ಮಾಡಿಕೊಂಡಿದೆ ಎಂದು ನಂಬಿರುವವರು ಜೂನ್ ತಿಂಗಳ ಎರಡನೆಯ ಭಾನುವಾರ ಬಿರ್ಲಾದ್ ಪಟ್ಟಣಕ್ಕೆ ಬರಬೇಕು. ಸಂಸ್ಕೃತಿ ಭವನದ ಅಂಗಳದಲ್ಲಿ ಬೆಳಗಿನ ಐದು ಗಂಟೆಗೇ ಈ ವಿಷಯವಾಗಿ ವಾದ ಎದ್ದಿದೆ. ಒಬ್ಬರು ದೇವರ ಮೇಲೆ ಆಣೆ ಇಡುತ್ತಿದ್ದಾರೆ, ಇನ್ನೊಬ್ಬರು ಸಿಟ್ಟಿನಲ್ಲಿ ಕಾಫಿ ಚೆಲ್ಲಿಕೊಂಡಿದ್ದಾರೆ. ಈ ಗದ್ದಲಕ್ಕೆ ಬೆನ್ನು ಹಾಕಿ, ಮಡಿಸುವ ಮೇಜಿನ ಮುಂದೆ ಕುಳಿತ ಎಪ್ಪತ್ತೆರಡರ ಹೆಂಗಸೊಬ್ಬರು ಹಳೆಯ ನಂಬರ್ ಪ್ಲೇಟೊಂದಕ್ಕೆ ಸಣ್ಣ ಕುಂಚದಿಂದ ಕಪ್ಪು ಬಣ್ಣ ಹಚ್ಚುತ್ತಿದ್ದಾರೆ.

ಅವರು ಸ್ಮರಾಂಡಾ ಹುರ್ಜುಯ್. ಊರಿಗೆಲ್ಲ ಸ್ಮರಾಂಡತ್ತೆ. ಕಾಮ್ರೇಡರು ಆಳುತ್ತಿದ್ದ ಕಾಲದ ಕಾರುಗಳ ವಾರ್ಷಿಕ ಮೇಳಕ್ಕೆ ಬರುವ ದಾಚಿಯಾ, ಲಾದಾ, ಒಲ್ಟ್‌ಚಿತ್‌ಗಳಿಗೆಲ್ಲ ಆ ಕಾಲದ ಪ್ಲೇಟು ಬೇಕು. ಕೋಳಿಗೂಡಿನ ಬಾಗಿಲಿಗೆ ಬಡಿದಿದ್ದದ್ದನ್ನೋ ದ್ರಾಕ್ಷಿ ಪೀಪಾಯಿಗೆ ಮುಚ್ಚಳವಾಗಿದ್ದದ್ದನ್ನೋ ಕಿತ್ತು ತರುತ್ತಾರೆ. ಸ್ಮರಾಂಡತ್ತೆ ಡೊಂಕು ತೆಗೆದು, ತುಕ್ಕು ಕೆರೆದು, ಬಿಳಿ ಬಳಿದು, ಉಬ್ಬಿದ ಅಂಕಿಗಳ ನೆತ್ತಿಗಷ್ಟೇ ಕಪ್ಪು ಸವರುತ್ತಾರೆ. ಕಾರಿನ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಪ್ಲೇಟಿನ ಅಂಕಿಯನ್ನು ಹೊಗಳಿ ಯಾರೂ ಬರೆದದ್ದಿಲ್ಲ.

"ಮದುಮಗಳ ಫೋಟೊ ನೋಡಿ ಯಾರಾದ್ರೂ ಗುಂಡಿ ಹೊಲಿದೋಳ ಹೆಸ್ರು ಕೇಳ್ತಾರಾ?" ಎನ್ನುತ್ತಾರೆ. ದೂರಿನ ದನಿಯೇನಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಜಿಲ್ಲೆಯ ಪ್ಲೇಟು ಕಾರ್ಖಾನೆ ಸೇರಿದವರು. ದಿನಕ್ಕೆ ನೂರಿಪ್ಪತ್ತು ಪ್ಲೇಟು, ಒಂದೊಂದರಲ್ಲಿ ಏಳು ಅಕ್ಷರ. ಅಚ್ಚಿನ ಯಂತ್ರ ಎಡಗೈಯ ಎರಡು ಬೆರಳ ತುದಿ ತಿಂದಿತು, ಬಣ್ಣದ ಘಾಟು ಮೂಗನ್ನು ತಿಂದಿತು. ಗುಲಾಬಿಗೂ ಎಲೆಕೋಸಿಗೂ ಅವರಿಗೆ ವ್ಯತ್ಯಾಸವಿಲ್ಲ. ಕಾಲ ಬದಲಾಗಿ ಹೊಸ ಮಾದರಿಯ ಪ್ಲೇಟು ಬಂದಾಗ ಕಾರ್ಖಾನೆ ಮುಚ್ಚಿತು. ಒಂಬತ್ತು ವರ್ಷ ಇಟಲಿಯಲ್ಲಿ ಹಾಸಿಗೆ ಹಿಡಿದ ಮುದುಕರ ಮೈ ತೊಳೆದು, ಊರಿಗೆ ಮರಳಿ, ಅಡುಗೆಮನೆಯ ಕಿಟಕಿಯ ಬಳಿ ಮತ್ತೆ ಕುಂಚ ಹಿಡಿದರು. ಈಗ ದಿನಕ್ಕೆ ನಾಲ್ಕು ಪ್ಲೇಟು. ಇವತ್ತು ಬೆಳಕು ಹರಿಯುವ ಮೊದಲೇ ಆರು ಮುಗಿದಿವೆ.

ಇನ್ನು ವಾದದ ವಿಷಯ. ಪೆಟ್ರೋಲಿಗೆ ಬರ ಬಂದ ಆ ವರ್ಷಗಳಲ್ಲಿ ಒಂದು ಭಾನುವಾರ ಸರಿ ಸಂಖ್ಯೆಯ ಕಾರುಗಳು ರಸ್ತೆಗಿಳಿಯಬೇಕು, ಮುಂದಿನ ಭಾನುವಾರ ಬೆಸ ಸಂಖ್ಯೆಯವು. ಈ ಸಲ ಮೇಳದ ಅಧ್ಯಕ್ಷ, ಇಂಜಿನಿಯರ್ ತಿಬೇರ್ಯು ಅವರಿಗೆ ಹಳೆಯ ಕಾಯಿದೆಗೆ ಮರುಜೀವ ಕೊಡುವ ಹುಮ್ಮಸ್ಸು ಬಂದಿದೆ. ಮೆರವಣಿಗೆಗೆ ಈ ವರ್ಷ ಸರಿ ಸಂಖ್ಯೆಗಳು ಮಾತ್ರ, ಬೆಸದವರು ಬರುವ ವರ್ಷ. ನಿವೃತ್ತ ಅಂಚೆಯವನೊಬ್ಬ ಆ ಕಾಲದ ಪೊಲೀಸರ, ಅಂದರೆ ಮಿಲಿಷಿಯಾದ, ಟೋಪಿ ಹಾಕಿಕೊಂಡು ಗೇಟಿನಲ್ಲಿ ನಿಂತು, "ಬೆಸ! ಪಕ್ಕಕ್ಕೆ!" ಎಂದು ಕೂಗುತ್ತಿದ್ದಾನೆ. ಮೂವತ್ತು ವರ್ಷ ಕಾಗದ ಹಂಚಿದಾಗಲೂ ಅವನಿಗೆ ಇಷ್ಟು ಸುಖ ಸಿಕ್ಕಿರಲಿಕ್ಕಿಲ್ಲ. ವಿಚಿತ್ರವೆಂದರೆ ಜನ ಪಕ್ಕಕ್ಕೆ ಹೋಗುತ್ತಿದ್ದಾರೆ. ನಿಲ್ಲಿಸಿದ ಕೂಡಲೇ ವೈಪರ್ ಕಡ್ಡಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾರೆ. ಅವನ್ನು ಕದಿಯುತ್ತಿದ್ದವರೆಲ್ಲ ಸತ್ತೋ ಮಂತ್ರಿಯಾಗಿಯೋ ಬಹಳ ಕಾಲವಾಯಿತು. ಕೈ ಮಾತ್ರ ಕೇಳುವುದಿಲ್ಲ.

ಹಾಗೆ ಪಕ್ಕಕ್ಕೆ ಹೋಗಲು ಒಪ್ಪದವರು ಒವಿದ್ಯು. ನೂರೆಂಬತ್ತು ಕಿಲೋಮೀಟರ್ ದೂರದಿಂದ ಅಪ್ಪನ ಹಳದಿ ದಾಚಿಯಾ ತಂದಿದ್ದಾರೆ. ಮುಂದಿನ ಸೀಟಿನಲ್ಲಿ ಎಂಬತ್ತು ವರ್ಷದ ತಾಯಿ ಪರಸ್ಕೀವಾ, ತಲೆಗೆ ಹೂವಿನ ವಸ್ತ್ರ, ಮಡಿಲಲ್ಲಿ ಚೀಸಿನ ಕಡುಬಿನ ಡಬ್ಬಿ. ಪ್ಲೇಟಿನ ಕೊನೆಯ ಅಂಕಿ ಮೂರು.

ಒವಿದ್ಯು ಪ್ಲೇಟು ಬಿಚ್ಚಿ ಸ್ಮರಾಂಡತ್ತೆಯ ಮೇಜಿನ ಮೇಲಿಡುತ್ತಾರೆ. "ಅತ್ತೆ, ಈ ಮೂರರ ಎಡಗಡೆ ಬಾಯಿ ಒಂಚೂರು ಮುಚ್ಚಿಬಿಡಿ. ಎಂಟಾಗತ್ತೆ. ಎರಡು ನಿಮಿಷದ ಕೆಲಸ."

"ಎರಡೂ ಬೇಡ, ಅರ್ಧ ನಿಮಿಷ ಸಾಕು. ಆದ್ರೆ ಮುಚ್ಚಲ್ಲ."

"ಇದೇನು ಆ ಕಾಲಾನಾ? ಆಟಕ್ಕೆ ಅತ್ತೆ, ಸುಮ್ನೆ ಆಟಕ್ಕೆ."

"ಆ ಕಾಲದಲ್ಲೂ ಹಿಂಗೇ ಕೇಳೋರು ಕಣಪ್ಪಾ. ಕಾಫಿ ಬೀಜ ತಂದ್ರು, ನೈಲಾನ್ ಕಾಲುಚೀಲ ತಂದ್ರು. ಒಬ್ಬ ಜೀವಂತ ಬಾತುಕೋಳೀನೇ ಹೊತ್ಕೊಂಡು ಬಂದ."

"ಏನ್ಮಾಡಿದ್ರಿ?"

"ಬಾತುಕೋಳಿ ಇಟ್ಕೊಂಡೆ. ಮೂರು ಮೂರಾಗೇ ಇತ್ತು."

ಕಾರಿನಿಂದ ಪರಸ್ಕೀವಾ ಅವರ ದನಿ ಕೇಳುತ್ತದೆ. ಕಣ್ಣು ಮಂಜಾಗಿದೆ, ಕಿವಿಗೇನೂ ಆಗಿಲ್ಲ. "ಬಿಡೋ ಒವಿದ್ಯು, ಆಕೆ ಹೇಳೋದು ಸರಿ. ನನ್ನ ತಮ್ಮನ ಮದುವೆ ಭಾನುವಾರವೂ ಹಿಂಗೇ ಆಯ್ತು. ಕಾರು ಬಂದು ಇನ್ನೂ ಒಂದು ತಿಂಗಳು. ನಿಮ್ಮಪ್ಪ ಅದನ್ನ ಒರೆಸಿ ಒರೆಸಿ ನಿಲ್ಲಿಸಿದ್ರು, ಹೊರಗೆ ತೆಗೆಯೋ ಹಂಗಿಲ್ಲ. ಹನ್ನೊಂದು ಕಿಲೋಮೀಟರ್ ನಡೆದ್ವಿ, ನಾನು ಬಸುರಿ, ಕೈಯಲ್ಲಿ ಕೇಕು. ನಮ್ಮ ಸರದಿ ಬಂದ ಭಾನುವಾರ ಪೆಟ್ರೋಲೇ ಸಿಗ್ತಿರ್ಲಿಲ್ಲ. ಒಂದೇ ಒಂದು ಭಾನುವಾರ ಪೇಟೆ ಬೀದೀಲಿ ಈ ಕಾರಲ್ಲಿ ಕೂತು ಹೋಗ್ಬೇಕು ಅಂತಿತ್ತು. ಬರೋ ವರ್ಷ ಅಂತಾರೆ. ಬರೋ ವರ್ಷ ನನ್ನ ನಂಬರು ಮೇಲಿನೋನು ಕರೀತಾನೆ. ಅವನು ಸರಿ ಬೆಸ ನೋಡಲ್ಲ."

ಸ್ಮರಾಂಡತ್ತೆ ಕುಂಚ ಕೆಳಗಿಟ್ಟು ಕಾರಿನ ಕಡೆಗೊಮ್ಮೆ ನೋಡುತ್ತಾರೆ. ಮತ್ತೆ ಕುಂಚ ಎತ್ತಿಕೊಳ್ಳುತ್ತಾರೆ. ಒವಿದ್ಯು ಅವರ ಮೂರಿಗೆ ಮೂರರಷ್ಟೇ ಕಪ್ಪು ಹಚ್ಚುತ್ತಾರೆ, ಅಂಚು ದಾಟದ ಹಾಗೆ. ಅಷ್ಟು ಚಂದದ ಮೂರು ಆ ಅಂಗಳದಲ್ಲಿ ಇನ್ನೊಂದಿಲ್ಲ. ಆದರೆ ಅದು ಮೂರೇ.

ಒಂಬತ್ತೂವರೆಗೆ ಅಧ್ಯಕ್ಷರೇ ಮೇಜಿನ ಬಳಿ ಬರುತ್ತಾರೆ, ಕೈಯಲ್ಲಿ ತಮ್ಮ ಪ್ಲೇಟು. ಮೆರವಣಿಗೆಯ ಮೊದಲ ಕಾರು ಅವರದು. ಪ್ರತಿ ವರ್ಷ ಬಣ್ಣ ತಾವೇ ಹಚ್ಚಿಕೊಳ್ಳುತ್ತಿದ್ದವರಿಗೆ ಈ ಸಲ ಟೀವಿಯವರು ಬರುವುದರಿಂದ ಪಳಗಿದ ಕೈ ಬೇಕಾಗಿದೆ. ಕೊನೆಯ ಅಂಕಿ ಎಂಟು.

"ನಮ್ಮಪ್ಪನ ಅದೃಷ್ಟ ನೋಡಿ ಅತ್ತೆ," ಎಂದು ಸುತ್ತ ನಿಂತವರಿಗೂ ಕೇಳುವಂತೆ ಹೇಳುತ್ತಾರೆ. "ಎಂಥ ನಂಬರು! ನಾನು ಚಿಕ್ಕೋನಿದ್ದಾಗ ಪ್ರತಿ ಭಾನುವಾರ ನಮ್ಮನ್ನೆಲ್ಲ ತುಂಬ್ಕೊಂಡು ನದಿ ದಂಡೆಗೆ ಊಟಕ್ಕೆ ಹೋಗೋರು."

"ಪ್ರತಿ ಭಾನುವಾರಾನಾ?" ಹಳದಿ ಕಾರಿನಿಂದ ಪರಸ್ಕೀವಾ ಕೇಳುತ್ತಾರೆ.

"ಒಂದೂ ತಪ್ಪಿಸ್ತಿರ್ಲಿಲ್ಲ, ಅಜ್ಜಿ."

ಅಂಗಳದಲ್ಲಿ ಐವತ್ತು ದಾಟಿದ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಭಾನುವಾರಗಳನ್ನು ಎಣಿಸುತ್ತಿದ್ದಾರೆ. ಇಂಜಿನಿಯರ್ ಒಬ್ಬರಿಗೆ ಮಾತ್ರ ಲೆಕ್ಕ ಹೊಳೆದಿಲ್ಲ.

ಸ್ಮರಾಂಡತ್ತೆ ಕುಂಚ ಮುಟ್ಟುವುದಿಲ್ಲ. ಬಲಗೈಯ ಹೆಬ್ಬೆರಳನ್ನು ಆ ಎಂಟಿನ ಮೇಲೆ ಮೆಲ್ಲನೆ ಎಳೆಯುತ್ತಾರೆ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ.

"ಇಂಜಿನಿಯರ್ ಸಾಹೇಬ್ರೇ, ನಿಮ್ಮ ಎಂಟು ಬಲಗಡೆ ಉಬ್ಬಿದೆ. ಎಡಗಡೆ ಚಪ್ಪಟೆ."

"ಅಂದ್ರೆ?"

"ಅಂದ್ರೆ ಇದು ನಾನೇ ಅಚ್ಚೊತ್ತಿದ ಮೂರು. ಎಡಗಡೆ ಇರೋದು ಬರೀ ಬಣ್ಣ. ನಿಮ್ಮಪ್ಪಾಜಿ ಒಂದು ಶನಿವಾರ ಬಳೀತಿದ್ರು, ಮುಂದಿನ ಶನಿವಾರ ಒರೆಸ್ತಿದ್ರು. ಕೊನೇ ಸಲ ಒರೆಸೋದು ಮರೆತಿರ್ಬೇಕು, ಪಾಪ."

ಅಂಚೆಯವನು ಟೋಪಿ ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬರುತ್ತಾನೆ. "ಬೆಸ!" ಎನ್ನುತ್ತಾನೆ, ಕರ್ತವ್ಯವನ್ನು ಮನಸ್ಸಾರೆ ಪ್ರೀತಿಸುವವನ ದನಿಯಲ್ಲಿ. "ಪಕ್ಕಕ್ಕೆ!"

ಮೊದಲು ನಕ್ಕವರು ಪರಸ್ಕೀವಾ. ಆಮೇಲೆ ಅಂಗಳವೇ ನಗುತ್ತದೆ. ತಿಬೇರ್ಯು ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಹೆಬ್ಬೆರಳನ್ನೂ ಎಳೆದು ನೋಡಿ, ಕಿವಿಯವರೆಗೆ ಕೆಂಪಾಗಿ ನಿಂತಿದ್ದಾರೆ. "ಇಷ್ಟು ವರ್ಷ ಕಾರಿನ ಮುಂದೆ ಸುಳ್ಳು ಕಟ್ಕೊಂಡು ಓಡಾಡಿದ್ನಲ್ಲ ನಾನು," ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಒರೆಸಿಬಿಡಿ ಅತ್ತೆ. ಈ ಕಾಯಿದೆಯನ್ನೂ ಒರೆಸಿಬಿಡೋಣ."

ಕಾಯಿದೆ ಒರೆಸುವುದು ಅಧ್ಯಕ್ಷರ ಕೆಲಸ. ಸ್ಮರಾಂಡತ್ತೆ ಬಟ್ಟೆಗೆ ಸ್ಪಿರಿಟ್ ಹಾಕಿ ಎಡಗಡೆಯ ಬಣ್ಣವನ್ನಷ್ಟೇ ತೆಗೆಯುತ್ತಾರೆ, ಮೂರರ ಬಾಯಿ ಮತ್ತೆ ತೆರೆದುಕೊಳ್ಳುತ್ತದೆ. "ನೋಡಿ, ಎಷ್ಟು ಗಟ್ಟಿಯಾಗಿದೆ," ಎನ್ನುತ್ತಾರೆ. "ಎಂಬತ್ತೆರಡನೇ ಇಸವಿಯ ಅಚ್ಚು. ಒಂದು ಕಡೆನೂ ಸವೆದಿಲ್ಲ."

ಅವರಿಗೊಂದು ಆಸೆಯಿದೆ, ಕೇಳಿದರೆ ಹೇಳುತ್ತಾರೆ: ಮುಂದಿನ ಮೇಳಕ್ಕೆ ಯಾರಾದರೂ ಮೇಜಿನ ಮೇಲೆ ನೆರಳಿಗೊಂದು ಛತ್ರಿ ಹಾಕಿಕೊಡಬೇಕು. ಬಿಸಿಲಿಗೆ ಬಣ್ಣ ಬೇಗ ಒಣಗಿ ಅಂಚು ಕೆಡುತ್ತದಂತೆ.

ಹತ್ತೂ ನಲವತ್ತಕ್ಕೆ ಮೆರವಣಿಗೆ ಹೊರಟಿದೆ. ಎಪ್ಪತ್ತೊಂದು ಕಾರು, ಸರಿಯೂ ಬೆಸವೂ. ಎಲ್ಲಕ್ಕಿಂತ ಮುಂದೆ ಹಳದಿ ದಾಚಿಯಾ, ಅದರ ಮುಂದಿನ ಸೀಟಿನಲ್ಲಿ ಪರಸ್ಕೀವಾ.